ಕಾವಲಿ ತಿಕ್ಕಿದ ಪ್ರೊಫೆಸರ್

ಪ್ರೊಫೆಸರನ್ನು ನಾನು ಮೊದಲು ಕಂಡದ್ದು 2014ರ ನವೆಂಬರಿನ ಒಂದು ಶುಕ್ರವಾರ, ದುಬೈಯ ಊದ್ ಮೇಥಾದಲ್ಲಿ, ನಮ್ಮ ಊರಿನವರು ಸೇರುವ ಕ್ಲಬ್ಬೊಂದರ ನೋಟಿಸ್ ಬೋರ್ಡಿನ ಮುಂದೆ. ಅರವತ್ತು ದಾಟಿದ, ಬಿಳಿ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡ ಯುರೋಪಿನ ಹೆಂಗಸು. ಒಂದು ಕಾಗದ ಚುಚ್ಚಲು ಪಿನ್ನು ಹುಡುಕುತ್ತಿದ್ದರು. ಹಂಚಿಕೊಂಡ ಅಡುಗೆಮನೆಗಳ ಅಧ್ಯಯನಕ್ಕೆ ಸಹಾಯಕಿ ಬೇಕು, ಕನ್ನಡ, ತುಳು, ಕೊಂಕಣಿ ಬರಬೇಕು, ಬರವಣಿಗೆ ಅಚ್ಚುಕಟ್ಟಾಗಿರಬೇಕು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

"ಅದನ್ನು ಚುಚ್ಚುವ ಅಗತ್ಯವಿಲ್ಲ," ಅಂದೆ. "ನಾನು ಬರುತ್ತೇನೆ."

ಮಂಗಳೂರಿನಲ್ಲಿ ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಕರಾಮಾದ ಒಂದು ದಂತ ಚಿಕಿತ್ಸಾಲಯದಲ್ಲಿ ಅಪಾಯಿಂಟ್‌ಮೆಂಟ್ ಬರೆಯುವ ಕೆಲಸಕ್ಕೆ ಕೂತು ಆಗ ಒಂದೂವರೆ ವರ್ಷ. ಇಂಥದ್ದೊಂದು ಕಾಗದ ಇನ್ನೊಮ್ಮೆ ಕಣ್ಣಿಗೆ ಬೀಳುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಅವರು ಬರವಣಿಗೆ ತೋರಿಸು ಅಂದರು. ಬ್ಯಾಗಿನಿಂದ ನನ್ನ ಡೈರಿ ತೆಗೆದು ಒಂದು ಪುಟ ಬಿಡಿಸಿ ಹಿಡಿದೆ. ಕನ್ನಡ ಅವರಿಗೆ ಬಾರದು. ಆದರೆ ತಾರೀಕು ಮತ್ತು ಐದೈದರ ಗೀಟುಗಳು ಯಾರಿಗೂ ಅರ್ಥವಾಗುತ್ತವೆ.

"ಏನನ್ನು ಎಣಿಸುತ್ತಿದ್ದೀಯ?"

"ನಮ್ಮ ಬಿಲ್ಡಿಂಗಿನ ಲಿಫ್ಟು ಎಷ್ಟು ಸಲ ಕೆಟ್ಟಿತು ಅಂತ."

"ಯಾಕೆ?"

"ವಾಚ್‌ಮನ್ ಒಂದೇ ಸಲ ಅನ್ನುತ್ತಾನೆ."

ಅವರು ಜೋರಾಗಿ ನಕ್ಕರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಕಿಸೆಗೆ ಹಾಕಿಕೊಂಡರು. ನನ್ನ ಕೆಲಸ ಶುರುವಾದದ್ದು ಹಾಗೆ.

ಹೆಸರು ಬರೆಯಬಾರದು ಎನ್ನುವುದು ಅವರು ಹಾಕಿದ ಮೊದಲ ನಿಯಮ. ಅಡುಗೆಮನೆಯವರ ಹೆಸರನ್ನು ಎಲ್ಲಿಯೂ ಬರೆಯುವ ಹಾಗಿಲ್ಲ. ಈ ನೆನಪಿನಲ್ಲೂ ಅದನ್ನೇ ಪಾಲಿಸುತ್ತಿದ್ದೇನೆ, ಅವರ ಹೆಸರನ್ನೂ ಸೇರಿಸಿ.

ಅವರು ಹಂಗೇರಿಯವರು. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾದ ಬುಡಾಪೆಸ್ಟಿನಲ್ಲಿ ಹುಟ್ಟಿದವರು. ಸರಕಾರ ಒಂದೇ ಫ್ಲಾಟಿನಲ್ಲಿ ಮೂರು ಸಂಸಾರಗಳನ್ನು ಕೂಡಿಸಿತ್ತಂತೆ. ಕೋಣೆ ಬೇರೆ ಬೇರೆ, ಒಲೆ ಒಂದೇ. ಅವರ ತಾಯಿಗೂ ಪಕ್ಕದ ಕೋಣೆಯ ಹೆಂಗಸಿಗೂ ಒಂದು ಶೆಲ್ಫಿನ ವಿಷಯದಲ್ಲಿ ಮಾತು ಬಿಟ್ಟಿತ್ತು. ವರ್ಷಗಟ್ಟಲೆ ಬಿಟ್ಟಿತ್ತು. ಆದರೆ ಮಗುವಿಗೆ ಜ್ವರ ಬಂದು ತಾಯಿ ಕಾರ್ಖಾನೆಗೆ ಹೋಗಲೇಬೇಕಾದ ದಿನ, ಅದೇ ಹೆಂಗಸು ಒಂದು ಮಾತೂ ಆಡದೆ ಒಳಗೆ ಬಂದು ಹಾಸಿಗೆಯ ಪಕ್ಕ ಕೂತು ಸೂಪು ಕುಡಿಸಿದಳು. ಸಂಜೆ ತಾಯಿ ಬಂದಾಗ ಹಾಗೆಯೇ ಮಾತಿಲ್ಲದೆ ಎದ್ದು ಹೋದಳು. ಮರುದಿನ ಶೆಲ್ಫಿನ ಜಗಳ ಹಿಂದಿನಂತೆಯೇ ನಡೆಯಿತು.

"ಇದು ಹೇಗೆ ಸಾಧ್ಯ ಅಂತ ತಿಳಿಯಲಿಕ್ಕೆ ನಾನು ಸಾಮಾಜಿಕ ಮನಃಶಾಸ್ತ್ರ ಓದಿದೆ," ಅಂದಿದ್ದರು ಒಮ್ಮೆ. "ಆದರೆ ನನಗೆ ಅದನ್ನು ಓದಿಸಿದವರು ಬೇರೆಯದ್ದನ್ನು ತಿಳಿಯಲು ಕಳಿಸಿದರು."

ಪಶ್ಚಿಮ ಯುರೋಪಿಗೆ ಹೋಗಿ ಡಾಕ್ಟರೇಟ್ ಮಾಡುವಾಗ ಅಡುಗೆಮನೆಯ ಕುರಿತು ಅವರು ಬರೆದ ಮೊದಲ ಲೇಖನವನ್ನು, ಇದು ನೆನಪು, ವಿಜ್ಞಾನ ಅಲ್ಲ ಎಂದು ಹಿಂದಕ್ಕೆ ಕಳಿಸಿದ್ದರಂತೆ. ಆಮೇಲೆ ಜೀವನವಿಡೀ ಪ್ರಯೋಗಾಲಯ. ಗುಂಡಿ ಒತ್ತುವ ವಿದ್ಯಾರ್ಥಿಗಳು, ಹತ್ತಿ ಆರುವ ದೀಪಗಳು, ಒಬ್ಬರನ್ನೊಬ್ಬರು ನೋಡದ ಅಪರಿಚಿತರು. ಅದರಲ್ಲಿ ಹೆಸರು ಬಂತು, ಪ್ರೊಫೆಸರ್ ಪದವಿ ಬಂತು, ನಿವೃತ್ತಿಯೂ ಬಂತು. ಅಬುಧಾಬಿಯ ಒಂದು ವಿಶ್ವವಿದ್ಯಾಲಯ ಮೂರು ವರ್ಷದ ಕಾಂಟ್ರಾಕ್ಟ್ ಕೊಟ್ಟು ಕರೆಯಿತು. ಇಲ್ಲಿ ಬಸ್ ಸ್ಟಾಪಿನ ಕಂಬಗಳಿಗೆ ಅಂಟಿಸಿದ, ಒಂದು ಮಂಚದಷ್ಟು ಜಾಗ ಬಾಡಿಗೆಗೆ ಕೊಡುವ ಬೆಡ್ ಸ್ಪೇಸ್ ಜಾಹೀರಾತುಗಳನ್ನು ಓದುತ್ತಾ ಹೋಗುವಾಗ, ಕಿಚನ್ ಶೇರಿಂಗ್ ಎಂಬ ಎರಡು ಶಬ್ದ ಕಂಡು ಅವರ ಕಾಲು ಅಲ್ಲೇ ನಿಂತಿತಂತೆ. ಈಗ ಕಾಂಟ್ರಾಕ್ಟಿನ ಕೊನೆಯ ವರ್ಷ. ಜೂನ್ ಕೊನೆಗೆ ಕೆಲಸ ಮುಗಿದರೆ ವೀಸಾ ಕೂಡ ಖಲಾಸ್. ಆ ಹಳೆಯ ಪ್ರಶ್ನೆಯನ್ನು ಸರಿಯಾಗಿ ಕೇಳಲು ಅವರಿಗೆ ಉಳಿದದ್ದು ಅಷ್ಟೇ ಸಮಯ.

ಅವರಿಗೆ ಬೇಕಾಗಿದ್ದುದು ಒಂದೇ ಅಡುಗೆಮನೆ. ಆದರೆ ಅದನ್ನು ಪೂರ್ತಿಯಾಗಿ ನೋಡಬೇಕು. ನಮ್ಮದೇ ಇದೆಯಲ್ಲ ಅಂದೆ.

"ಹಾಗಾದರೆ ಎಣಿಸುವವಳೂ ನೀನೇ, ಎಣಿಕೆಗೆ ಸಿಗುವವಳೂ ನೀನೇ. ಅದೊಂದು ದೋಷ," ಅಂದರು. ಸ್ವಲ್ಪ ಯೋಚಿಸಿ, "ದೋಷವನ್ನು ದೋಷ ಅಂತಲೇ ಬರೆಯೋಣ," ಅಂದರು.

ನಮ್ಮ ಫ್ಲಾಟಿನಲ್ಲಿ ನಾವು ಮೂವರು. ಕೋಣೆಯಲ್ಲಿ ಇಬ್ಬರು ಅಕ್ಕಂದಿರು, ಹಾಲಿನಲ್ಲಿ ಪರದೆ ಕಟ್ಟಿಕೊಂಡು ನಾನು. ಹಿರಿಯವಳು ಮೂಡುಬಿದಿರೆ ಕಡೆಯ ಕೊಂಕಣಿ ಕ್ರಿಶ್ಚಿಯನ್, ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಸಿಸ್ಟರಕ್ಕ ಅನ್ನುತ್ತಿದ್ದೆವು. ಇನ್ನೊಬ್ಬಳು ಉಡುಪಿಯವಳು, ಮನೆಮಾತು ತುಳು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಅವಳು ಉಡುಪಿಯಕ್ಕ. ನನಗೆ ಅವರಿಬ್ಬರೂ ಇಟ್ಟ ಹೆಸರು ಡೈರಿ. ಒಲೆಗೆ ನಾಲ್ಕು ಬರ್ನರ್, ಅದರಲ್ಲಿ ಚೆನ್ನಾಗಿ ಉರಿಯುವುದು ಮುಂದಿನದೊಂದೇ. ರಾತ್ರಿಯ ಅಡುಗೆ ಪಾಳಿಯ ಮೇಲೆ. ಯಾರ ಪಾಳಿಯೋ ಅವರೇ ಕೊನೆಗೆ ಒಲೆ ಮತ್ತು ಸಿಂಕು ತಿಕ್ಕಬೇಕು.

ಜಗಳಕ್ಕೆ ಕೊರತೆ ಇರಲಿಲ್ಲ. ಮುಂದಿನ ಬರ್ನರಿಗೆ ಜಗಳ, ಫ್ರಿಜ್ಜಿನ ನಡುವಿನ ತಟ್ಟೆಗೆ ಜಗಳ. ಉಡುಪಿಯಕ್ಕ ಸೋಮವಾರ ಮೀನು ಮುಟ್ಟುವವಳಲ್ಲ, ಸಿಸ್ಟರಕ್ಕನಿಗೆ ಒಣಮೀನು ಸುಡಲು ಸೋಮವಾರವೇ ನೆನಪಾಗುವುದು.

ಪ್ರೊಫೆಸರ್ ಇಲ್ಲಿನ ವಾರದ ರಜೆಯಾದ ಪ್ರತಿ ಶುಕ್ರವಾರ ಅಬುಧಾಬಿಯಿಂದ ಬಸ್ಸಿನಲ್ಲಿ ಬರತೊಡಗಿದರು. ಅಕ್ಕಂದಿರಿಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರು. ಅಡುಗೆಮನೆಯ ಬಾಗಿಲ ಬಳಿ ಅವರಿಗೊಂದು ಕುರ್ಚಿ. ಯಾರು ಯಾರಿಗೆ ದಾರಿ ಬಿಟ್ಟರು, ಎಲ್ಲಿ ತಕರಾರು ಬಂತು ಎಂದು ಅವರೂ ನಾನೂ ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು.

ಸಿಸ್ಟರಕ್ಕ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗಲೇ ಕೋಳಿ ತರುತ್ತಿದ್ದಳು. ಉಡುಪಿಯಕ್ಕ ನೀರುದೋಸೆಗೆ ಅಕ್ಕಿ ಕಡೆದಿಟ್ಟಿರುತ್ತಿದ್ದಳು.

"ನೀನು ಮೊದಲು ಇಡು ಮಾರಾಯ್ತಿ, ನನ್ನದು ಆಮೇಲೆ ಆದೀತು."

"ಛೆ ಛೆ, ನೀವೇ ಇಡಿ ಅಕ್ಕ. ನನಗೆ ಹಿಂದಿನ ಬರ್ನರ್ ಸಾಕು."

"ಮೇಡಂ, ಇನ್ನೊಂದು ದೋಸೆ. ತಿನ್ನದಿದ್ದರೆ ನಮಗೆ ಬೇಜಾರಾಗ್ತದೆ."

ಶನಿವಾರ ಬೆಳಿಗ್ಗೆ ಅದೇ ಬಾಯಿಗಳಲ್ಲಿ, "ಈ ಪಾತ್ರೆ ಯಾರದ್ದು? ಸಿಂಕು ಎಂತ ನಿಮ್ಮ ಅಪ್ಪನ ಮನೆಯದ್ದಾ?"

ಫೆಬ್ರವರಿಯಲ್ಲಿ ಒಂದು ದಿನ ಶುಕ್ರವಾರದ ಹಾಳೆಗಳನ್ನು ಒಟ್ಟು ಸೇರಿಸಲು ಕೂತೆ. ದಾರಿ ಬಿಟ್ಟದ್ದರ ಸಾಲು ಗೀಟುಗಳಿಂದ ತುಂಬಿತ್ತು. ತಕರಾರಿನ ಸಾಲು ಖಾಲಿ. ಪಕ್ಕದಲ್ಲೇ ನನ್ನ ಡೈರಿ ಇತ್ತು. ಅದರಲ್ಲಿ ಅದೇ ವಾರಗಳ ಉಳಿದ ದಿನಗಳು ಇದಕ್ಕೆ ಪೂರಾ ಉಲ್ಟಾ. ನಾವು ಇಷ್ಟು ದಿನ ಅಡುಗೆಮನೆಯನ್ನು ನೋಡಿರಲೇ ಇಲ್ಲ. ನೆಂಟರು ಬಂದಾಗಿನ ಅಡುಗೆಮನೆಯನ್ನು ನೋಡಿದ್ದೆವು. ನಮ್ಮ ಕಡೆ ಹೊರಗಿನವರ ಎದುರು ಒಲೆಯ ಜಗಳ ತೆಗೆಯುವವರುಂಟೇ? ಅಕ್ಕಂದಿರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಗೆ ಒಬ್ಬರು ಬಂದು ಕೂತಾಗ ಏನು ಮಾಡಬೇಕೋ ಅದನ್ನು ಮಾಡಿದ್ದರು, ಅಷ್ಟೆ.

ಇದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಅನ್ನಿಸಿತು. ಕ್ಲಿನಿಕ್ಕಿಗೆ ರಜೆ ಹಾಕಿ ಅಬುಧಾಬಿಯ ಬಸ್ಸು ಹತ್ತಿದೆ. ಅವರ ಮೇಜಿನ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು, ಡೈರಿಯ ಸಾಲುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡರು.

"ವಸತಿ ಇಲಾಖೆಯ ಇನ್‌ಸ್ಪೆಕ್ಟರ್ ಬಂದಾಗ ನನ್ನಮ್ಮನೂ ಪಕ್ಕದವಳೂ ಒಟ್ಟಿಗೆ ಕೇಕು ಮಾಡಿ ಕೊಡುತ್ತಿದ್ದರು," ಅಂದರು. "ಒಬ್ಬಳು ಹಿಟ್ಟು ಕಲಸುವುದು, ಇನ್ನೊಬ್ಬಳು ಸಕ್ಕರೆ ಹಾಕುವುದು. ಇಷ್ಟು ತಿಂಗಳು ನಾನು ಆ ಇನ್‌ಸ್ಪೆಕ್ಟರನ ಕುರ್ಚಿಯಲ್ಲಿ ಕೂತಿದ್ದೆ. ನೋಡು, ಇದು ನನಗೇ ತಿಳಿಯಬೇಕಾಗಿತ್ತು."

ಶುಕ್ರವಾರದ ಹಾಳೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದರು: ಭೇಟಿಗಳು, ಬಳಸುವಂತಿಲ್ಲ.

ಆಗಲೇ ವಿಭಾಗದ ಮುಖ್ಯಸ್ಥರು ಒಳಗೆ ಬಂದರು. ವಯಸ್ಸಿನಲ್ಲಿ ಪ್ರೊಫೆಸರ ಮಗನಷ್ಟಿರಬಹುದು. ಮಾತು ಮಾತ್ರ ಬಹಳ ನಯ. ಪೆಟ್ಟಿಗೆ ನೋಡಿ ವಿಷಯ ಕೇಳಿಕೊಂಡರು. ಇದ್ದದ್ದನ್ನೇ ಬರೆದು ಮುಗಿಸಬಹುದಲ್ಲ ಅಂದರು. ಅದು ಬೇಡವೆಂದರೆ ಆನ್‌ಲೈನಿನಲ್ಲಿ ಒಂದು ಪ್ರಶ್ನಾವಳಿ ಕಳಿಸಿ, ಸಾವಿರ ಜನ ಉತ್ತರ ಕೊಡುತ್ತಾರೆ, ಜೂನಿಗೆ ವರದಿ ತಯಾರು. ಇದರಿಂದ ಯಾರಿಗೂ ನಷ್ಟವಿಲ್ಲ.

"ನನಗೆ ನಷ್ಟ," ಅಂದರು ಪ್ರೊಫೆಸರ್. "ನಲವತ್ತು ವರ್ಷ ಸಾವಿರ ಜನರನ್ನೇ ಕೇಳಿದ್ದೇನೆ. ಈ ಮೂವರನ್ನು ಕೇಳದೆ ನಾನು ಹೋಗುವುದಿಲ್ಲ."

ಮುಖ್ಯಸ್ಥರು ಹೋದ ಮೇಲೆ ಪ್ರೊಫೆಸರ್ ನನ್ನ ಕಡೆ ತಿರುಗಿದರು. "ನಿಮ್ಮ ಪಾಳಿಯಲ್ಲಿ ನನಗೊಂದು ದಿನ ಬೇಕು. ಅಡುಗೆಯೂ, ತೊಳೆಯುವುದೂ. ಕುರ್ಚಿ ಎತ್ತಿಬಿಡಿ."

ಇದನ್ನು ಮನೆಯಲ್ಲಿ ಹೇಳಿದಾಗ ಸಿಸ್ಟರಕ್ಕ ಎರಡೂ ಕೈ ಎದೆಗೊತ್ತಿಕೊಂಡು ದೇವರ ಕ್ಷಮೆ ಕೇಳಿದಳು. "ಸಾಯ್ಬಾ ಭೋಗೊಸ್! ಅಷ್ಟು ಪ್ರಾಯದವರ ಕೈಯಲ್ಲಿ ಪಾತ್ರೆ ತೊಳೆಸುವುದಾ? ನೋಡಿದವರು ಎಂತ ಹೇಳಿಯಾರು?"

"ನೋಡ್ಲಿಕ್ಕೆ ಯಾರು ಬರ್ತಾರೆ ಇಲ್ಲಿಗೆ, ಮೇಡಂ ಬಿಟ್ರೆ?" ಅಂದಳು ಉಡುಪಿಯಕ್ಕ. "ಅಡುಗೆ ಬರ್ತದಾ ಕೇಳು ಮೊದ್ಲು."

ಮಂಗಳವಾರ ಕೊಟ್ಟೆವು.

ಮೊದಲ ಮಂಗಳವಾರ ಪ್ರೊಫೆಸರ್ ಆಲೂಗಡ್ಡೆ, ನೀರುಳ್ಳಿ ಮತ್ತು ತಮ್ಮ ಊರಿನ ಕೆಂಪು ಪುಡಿಯ ಡಬ್ಬಿ ತಂದರು. ಪಲ್ಯವೋ ಸಾರೋ ಹೇಳಲಾಗದ ಒಂದು ಪದಾರ್ಥ ತಯಾರಾಯಿತು. ನೋಡಲು ಕೆಂಡ, ಬಾಯಿಗಿಟ್ಟರೆ ಸಪ್ಪೆ.

"ಬಣ್ಣ ಉಂಟು, ಖಾರ ಎಲ್ಲಿ ಹೋಯ್ತು? ಊರಿಗೆ ರಜೆ ಹೋಗಿದ್ಯಾ?" ಉಡುಪಿಯಕ್ಕ ನನ್ನ ಕಿವಿಯಲ್ಲಿ ತುಳುವಿನಲ್ಲಿ ಕೇಳಿದಳು. ಆಮೇಲೆ ತಲೆಯೆತ್ತಿ, "ವೆರಿ ನೈಸ್ ಮೇಡಂ."

ಸಿಸ್ಟರಕ್ಕ ಎರಡನೇ ಸಲ ಬಡಿಸಿಕೊಂಡಳು. ಪ್ರೊಫೆಸರ್ ಸಿಂಕಿನ ಹತ್ತಿರ ಹೋದರೆ ಅವರ ಕೈಯಿಂದ ಪಾತ್ರೆ ಕಿತ್ತುಕೊಂಡಳು. ಲಿಫ್ಟಿನವರೆಗೆ ಬಿಡಲು ಹೋದಾಗ ಪ್ರೊಫೆಸರ್ ನನಗೆ ಹೇಳಿದರು, "ಇನ್ನೂ ಇನ್‌ಸ್ಪೆಕ್ಟರೇ."

ಮುಂದಿನ ಮಂಗಳವಾರವೂ ಬಂದರು. ಅದರ ಮುಂದಿನದಕ್ಕೂ. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಒಮ್ಮೆ ಕೆಮ್ಮು ಹಿಡಿದಿತ್ತು. ಆಗಲೂ ಆಲೂಗಡ್ಡೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪ್ರತಿ ಸಲವೂ ವೆರಿ ನೈಸ್. ಮಾರ್ಚ್ ಬಂದಿತ್ತು.

ಆ ತಿಂಗಳ ಒಂದು ಮಂಗಳವಾರ ನಾನು ಕ್ಲಿನಿಕ್ಕಿನಿಂದ ಬರುವಾಗ ಪ್ರೊಫೆಸರ್ ಆಗಲೇ ಬಂದು ಕೆಲಸ ಮುಗಿಸಿದ್ದರು. ಸಿಸ್ಟರಕ್ಕ ಬಾಗಿಲು ತೆಗೆದುಕೊಟ್ಟು, ರಾತ್ರಿ ಪಾಳಿ ಮಾಡಿ ಬಂದವಳು ಮತ್ತೆ ಮಲಗಿದ್ದಳು. ಹಾಗಾಗಿ ಪಾತ್ರೆ ಕಿತ್ತುಕೊಳ್ಳಲು ಯಾರೂ ಇರಲಿಲ್ಲ. ಸಿಂಕು ಫಳಫಳ. ಒಲೆ ಫಳಫಳ. ಕಿಟಕಿಗೆ ಒರಗಿಸಿಟ್ಟ ಒಂದು ದುಂಡನೆಯ ಬೆಳ್ಳಿ ತಟ್ಟೆಯೂ ಫಳಫಳ. ಅಂಥ ತಟ್ಟೆ ನಮ್ಮಲ್ಲಿ ಇರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಅದು ಉಡುಪಿಯಕ್ಕನ ಕಾವಲಿ.

ನೀರುದೋಸೆಯ ಕಬ್ಬಿಣದ ಕಾವಲಿಗೆ ಸಾಬೂನು ತೋರಿಸುವುದಿಲ್ಲ ಎಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅದನ್ನು ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ. ವರ್ಷಗಳ ಎಣ್ಣೆ ಕುಡಿದು ಕಪ್ಪಾದಷ್ಟೂ ದೋಸೆ ತಾನಾಗಿ ಏಳುತ್ತದೆ. ಉಡುಪಿಯಕ್ಕ ಇದನ್ನು ತವರಿನಿಂದ ತಂದವಳು. ಮಂಗಳೂರು ಏರ್‌ಪೋರ್ಟಿನಲ್ಲಿ ಭಾರ ಹೆಚ್ಚಾಯಿತು ಅಂದಾಗ ಎರಡು ಸೀರೆ ತೆಗೆದು ತಮ್ಮನ ಕೈಗೆ ಕೊಟ್ಟು ಕಾವಲಿ ಉಳಿಸಿಕೊಂಡಿದ್ದಳಂತೆ. ಪ್ರೊಫೆಸರ ಕಣ್ಣಿಗೆ ಅದು ವರ್ಷಗಳಿಂದ ಯಾರೂ ತೊಳೆಯದ ಬಾಣಲೆ. ತಮ್ಮ ಪಾಳಿಯನ್ನು ಮನಸ್ಸಿಟ್ಟು ಮಾಡಿದ್ದರು. ಸ್ಟೀಲ್ ನಾರು ಹಿಡಿದು ಅರ್ಧ ಮಧ್ಯಾಹ್ನ ತಿಕ್ಕಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನ ಬೀಗ ತಿರುಗಿತು. ಉಡುಪಿಯಕ್ಕ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಅಡುಗೆಮನೆಗೆ ಬಂದಳು. ಕಿಟಕಿಯ ಕಡೆ ನೋಡಿದಳು.

"ಯಾರು ಮಾಡಿದ್ದು ಇದು?"

ಪ್ರೊಫೆಸರ್ ಸಂತೋಷದಿಂದ ಕೈ ಎತ್ತಿದರು. ಬೆರಳಿಗೆ ಇನ್ನೂ ನೊರೆ ಹತ್ತಿತ್ತು.

"ಎಂತ ಮಾಡಿದ್ರಿ ಮಾರಾಯ್ರೆ ನೀವು! ಕಾವಲಿಗೆ ಸಾಬೂನು ಹಾಕ್ತಾರಾ ಯಾರಾದ್ರೂ? ಏಳು ವರ್ಷದಿಂದ ಹದ ಮಾಡಿದ್ದು! ಇನ್ನು ಇದ್ರಲ್ಲಿ ದೋಸೆ ಏಳ್ತದಾ, ನಿಮ್ಮ ತಲೆ!"

ಕೋಣೆಯಿಂದ ಸಿಸ್ಟರಕ್ಕ ಓಡಿ ಬಂದಳು. "ಏ, ಮೇಡಮಿಗೆ ಹಾಗೆಲ್ಲ ಹೇಳ್ಬಾರ್ದು."

"ನೀವು ಸುಮ್ಮನಿರಿ! ಮೊನ್ನೆ ಇದೇ ಕಾವಲಿಯಲ್ಲಿ ಆಮ್ಲೆಟ್ ಮಾಡಿದ್ದು ಯಾರು?"

"ಒಂದೇ ಒಂದು ಸಲ!"

"ಒಂದೇ ಸಲವಾ? ಏ ಡೈರಿ, ಎಷ್ಟು ಸಲ ಹೇಳು."

"ಮೂರು," ಅಂದೆ.

"ನಿನ್ನ ಡೈರಿಗೆ ಬೆಂಕಿ ಬೀಳ!" ಸಿಸ್ಟರಕ್ಕ ನನ್ನ ಮೇಲೆ ತಿರುಗಿದಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. "ಸೋಮವಾರ ನನ್ನ ಒಣಮೀನಿಗೆ ಮೂಗು ಮುಚ್ಚುವುದು, ಮಂಗಳವಾರ ಬೆಳಿಗ್ಗೆ ಉಳಿದದ್ದು ಉಂಟಾ ಅಂತ ಡಬ್ಬಿ ತೆಗೆದು ನೋಡುವುದು! ನಾನು ನೋಡ್ಲಿಲ್ಲ ಅಂತ ಮಾಡಿದ್ದೀಯಾ?"

"ಮಂಗಳವಾರ ನನಗೆ ಮೀನು ಆಗ್ತದೆ!"

"ನನ್ನ ಮೀನು ಆಗ್ತದೆ ಅಂತ ಯಾವ ಶಾಸ್ತ್ರದಲ್ಲುಂಟು?"

ಕನ್ನಡ, ತುಳು, ಕೊಂಕಣಿ ಮೂರೂ ಸೇರಿ ಫ್ರಿಜ್ಜಿನ ತಟ್ಟೆ, ಸಿಂಕಿನ ಜಾಲರಿ, ಮುಂದಿನ ಬರ್ನರ್ ಎಲ್ಲ ಒಂದೊಂದಾಗಿ ಹೊರಗೆ ಬಂದವು. ಪ್ರೊಫೆಸರ್ ಗೋಡೆಗೆ ಒರಗಿ ನಿಂತಿದ್ದರು. ಕಾವಲಿಗೆ ಏನಾಯಿತೆಂದು ನಾನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪೆನ್ನು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಗಲಾಟೆ ಇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. "ಇದನ್ನು ಸರಿ ಮಾಡುವುದು ಹೇಗೆ?"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಉಡುಪಿಯಕ್ಕ ಅವರ ಮುಖ ನೋಡದೆ ಉತ್ತರ ಕೊಟ್ಟಳು. "ಎಣ್ಣೆ ಹಚ್ಚಿ ಕಾಯಿಸ್ಬೇಕು, ಅರ್ಧ ನೀರುಳ್ಳಿಯಲ್ಲಿ ಉಜ್ಜಬೇಕು. ಪುನಃ ಎಣ್ಣೆ, ಪುನಃ ನೀರುಳ್ಳಿ. ಒಂದು ದೋಸೆ ಹರಿಯದೆ ಏಳುವವರೆಗೆ. ತಿಂಗಳಲ್ಲಿ ಆಗುವ ಕೆಲಸ ಅಲ್ಲ."

"ನಾನು ಮಾಡುತ್ತೇನೆ," ಅಂದರು ಪ್ರೊಫೆಸರ್.

ಮಾಡಿದರು. ಪಾಠಗಳನ್ನು ವಾರದ ಮೊದಲಿಗೆ ಸರಿಸಿಕೊಂಡು ವಾರಕ್ಕೆ ಮೂರು ಸಂಜೆ ಬರತೊಡಗಿದರು. ಎಷ್ಟೋ ಸಲ ಹಾಲಿನಲ್ಲಿ ನನ್ನ ಪರದೆಯ ಆಚೆ ಹಾಸಿಗೆ ಹಾಸಿಕೊಂಡು ಮಲಗಿ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಉಡುಪಿಯಕ್ಕ ಒಲೆಯ ಪಕ್ಕ ಕೈಕಟ್ಟಿ ನಿಂತು ಹೇಳಿಕೊಡುವಳು. ಉರಿ ಸಣ್ಣ ಮಾಡು ಎಂದು ಕೈಸನ್ನೆ, ಹಿಟ್ಟು ಸುರಿಯುವಾಗ ಬೇಗ ಬೇಗ ಎಂದು ಅರಬಿಯಲ್ಲಿ "ಯಲ್ಲಾ, ಯಲ್ಲಾ". ಹರಿದ ದೋಸೆಗಳನ್ನು ಯಾರು ಹಾಳು ಮಾಡಿದ್ದೋ ಅವರೇ ತಿನ್ನಬೇಕು ಎಂದು ಅವಳದ್ದೇ ಕಾನೂನು. ಪ್ರೊಫೆಸರ್ ತಿಂಗಳುಗಟ್ಟಲೆ ಹರಿದ ದೋಸೆ ತಿಂದರು.

ವೆರಿ ನೈಸ್ ನಿಂತುಹೋಯಿತು. ಏಪ್ರಿಲಿನಲ್ಲಿ ಸಿಸ್ಟರಕ್ಕ ಆಲೂಗಡ್ಡೆಯ ತಟ್ಟೆ ಸರಿಸಿ, "ಮೇಡಂ, ನೋ ಟೇಸ್ಟ್. ಹಸಿಮೆಣಸು ಹಾಕಿ," ಎಂದು ಮುಖಕ್ಕೇ ಹೇಳಿದಳು. ಅದೇ ವಾರ ಪ್ರೊಫೆಸರ್, ಮುಂದಿನ ಬರ್ನರ್ ಇವತ್ತು ನನ್ನದು ಎಂದು ಉಡುಪಿಯಕ್ಕನ ಕುಕ್ಕರನ್ನು ಹಿಂದಕ್ಕೆ ಸರಿಸಿದರು. ಅವಳು ಪುನಃ ಮುಂದಕ್ಕೆ ತಂದಳು. ಇವರು ಪುನಃ ಹಿಂದಕ್ಕೆ. ಆ ಸಂಜೆಯಿಂದ ಅಕ್ಕಂದಿರ ಜಗಳ ಅವರ ಎದುರಿಗೇ, ಅವರನ್ನು ಸೇರಿಸಿಕೊಂಡೇ ನಡೆಯಿತು. ಕೆಲಸ ಮುಗಿದ ಮೇಲೆ ನಾವಿಬ್ಬರೂ ಹಾಲಿನಲ್ಲಿ ಕೂತು ನೆನಪಿನಿಂದ ಬರೆದುಕೊಳ್ಳುತ್ತಿದ್ದೆವು. ಈಗ ಎರಡು ಸಾಲುಗಳೂ ತುಂಬುತ್ತಿದ್ದವು. ಅಕ್ಕಂದಿರಿಗೆ ಮೊದಲೇ ತಿಳಿಸಿದ್ದೆವು. "ಬರೆಯಲಿ, ಬರೆಯಲಿ," ಅಂದಿದ್ದಳು ಉಡುಪಿಯಕ್ಕ. "ಆಮ್ಲೆಟ್ ಮರೆಯುವುದು ಬೇಡ."

ಮೇ ಮುಗಿಯುವ ಹೊತ್ತಿಗೆ ಪ್ರೊಫೆಸರಿಗೆ ತಮ್ಮ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತ್ತು. ನಮ್ಮ ಅಡುಗೆಮನೆಯಲ್ಲಿ ಯಾವ ಜಗಳವೂ ಮುಗಿದಿರಲಿಲ್ಲ. ಯಾರೂ ಯಾರಿಗೂ ಕ್ಷಮೆ ಕೇಳಿರಲಿಲ್ಲ. ಆದರೆ ಎಂಥ ಜಗಳದ ಮರುದಿನವೂ ಯಾರೂ ಪಾಳಿ ತಪ್ಪಿಸಿರಲಿಲ್ಲ. ಸಿಟ್ಟಾದವಳ ಪಾಲಿನ ಅನ್ನವನ್ನೂ ಮುಚ್ಚಿಟ್ಟಿರುತ್ತಿದ್ದರು. "ನಮ್ಮ ಪಕ್ಕದ ಕೋಣೆಯವಳು ಅಮ್ಮನನ್ನು ಕ್ಷಮಿಸಿ ಬಂದಳು ಅಂದುಕೊಂಡಿದ್ದೆ," ಅಂದರು. "ಇಲ್ಲ. ಅವತ್ತು ಅವಳ ಸರದಿ, ಅಷ್ಟೆ."

ಲೇಖನದ ಮೊದಲ ಕರಡನ್ನು ಅವರು ನಮ್ಮ ಊಟದ ಮೇಜಿನ ಮೇಲೆಯೇ ಬರೆದರು. ಮೊದಲ ಪ್ಯಾರಾದಲ್ಲಿ ಬಳಸದೆ ಬಿಟ್ಟ ಶುಕ್ರವಾರಗಳ ವಿಷಯ, ಎರಡನೆಯದರಲ್ಲಿ ಕಾವಲಿಯ ವಿಷಯ. ಮುಖ್ಯಸ್ಥರು ಓದಿ, ತಪ್ಪುಗಳನ್ನು ಇಷ್ಟು ಮುಂದೆ ಯಾಕೆ ಇಡುತ್ತೀರಿ ಎಂದು ಕೇಳಿದರಂತೆ. ಇವರು ಒಂದು ಸಾಲನ್ನೂ ಸರಿಸಲಿಲ್ಲ. ಅದನ್ನು ಕಳಿಸಿದ ಪತ್ರಿಕೆಯವರು ಒಮ್ಮೆ ಹಿಂದಕ್ಕೆ ಕಳಿಸಿದರು. ಪ್ರೊಫೆಸರ್ ಊರಿಗೆ ಮರಳಿದ ಮೇಲೆ ಬುಡಾಪೆಸ್ಟಿನಿಂದ ತಿದ್ದಿ ಮತ್ತೆ ಕಳಿಸಿದರು. ಅಚ್ಚಾಯಿತು. ಅದರ ಪ್ರತಿಯ ಜೊತೆ ನನ್ನ ಬಗ್ಗೆ ಒಂದು ಶಿಫಾರಸು ಪತ್ರವೂ ಬಂತು. ನಾನು ಕ್ಲಿನಿಕ್ಕಿನ ಕೆಲಸ ಬಿಟ್ಟು ಮತ್ತೆ ಓದಿಗೆ ಸೇರಿದ್ದು ಆಮೇಲೆ.

ಅವರ ಕೊನೆಯ ಮಂಗಳವಾರ ಜೂನಿನಲ್ಲಿ ಬಂತು, ರಂಜಾನ್ ಶುರುವಾಗಲು ಒಂದೆರಡು ದಿನವಿತ್ತು. ಪರೀಕ್ಷೆ ಮುಗಿಸಿ, ಮನೆ ಖಾಲಿ ಮಾಡಿ, ಮರುದಿನದ ವಿಮಾನಕ್ಕೆಂದು ಎರಡು ಸೂಟ್‌ಕೇಸ್ ತಂದು ನಮ್ಮ ಹಾಲಿನಲ್ಲಿಟ್ಟಿದ್ದರು. ಆಲೂಗಡ್ಡೆಗೆ ಹಸಿಮೆಣಸು ಹಾಕಿದ್ದರು. ಉಡುಪಿಯಕ್ಕ ಮತ್ತೆ ಕಪ್ಪಾದ ಕಾವಲಿಯನ್ನು ಒಲೆಗೇರಿಸಿ ಅವರ ಕೈಗೆ ಹಿಟ್ಟಿನ ಸೌಟು ಕೊಟ್ಟಳು. ಮೊದಲ ದೋಸೆ ಅಂಚಿನಲ್ಲಿ ಸ್ವಲ್ಪ ಹಿಡಿಯಿತು. ಎರಡನೆಯದು ಇಡಿಯಾಗಿ ಎದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿಸ್ಟರಕ್ಕ ತಟ್ಟೆ ಮುಂದೆ ಹಿಡಿದಳು.

ಊಟ ಮುಗಿದು ಪ್ರೊಫೆಸರ್ ಸಿಂಕಿನ ಕಡೆ ಹೊರಟರು. ಸಿಸ್ಟರಕ್ಕ ಅಡ್ಡ ಬಂದಳು.

"ಇವತ್ತು ಬಿಡಿ ಮೇಡಂ. ನಾಳೆ ಹೊರಡುವವರು. ನಾನು ತೊಳೀತೇನೆ."

"ಯಾಕೆ ಬಿಡ್ಬೇಕು?" ಅಂದಳು ಉಡುಪಿಯಕ್ಕ, ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತಾ. "ಮಂಗಳವಾರ ಯಾರದ್ದು? ತೊಳೀಲಿ. ಕಾವಲಿ ಒಂದು ಮುಟ್ಟದಿದ್ರೆ ಸಾಕು."

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. ಅಗತ್ಯ ಬೀಳಲಿಲ್ಲ. ಪ್ರೊಫೆಸರ್ ಕಾವಲಿಯನ್ನು ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಎತ್ತಿ ಮೇಲಿನ ಶೆಲ್ಫಿನಲ್ಲಿಟ್ಟರು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಸ್ಟೀಲ್ ನಾರು ಹಿಡಿದು, ಮುಂದಿನ ಬರ್ನರಿನಿಂದ ಶುರು ಮಾಡಿದರು.